ಕೊಟ್ಟಿಗೆಯ ಕತ್ತಲಲ್ಲಿ ಮೆಲಟೋನಿನ್ ಅಳೆದದ್ದು

ಮೆಲಟೋನಿನ್ ಅಂದರೆ ಕತ್ತಲಾದಾಗ ಮೆದುಳಿನ ಪೀನಿಯಲ್ ಗ್ರಂಥಿ ಸುರಿಸುವ ಹಾರ್ಮೋನು. ಅದು ಬೆದೆಯ ಮೇಲೆ ಏನು ಮಾಡುತ್ತದೆ ಅಂತ ತುಂಬಾ ಜನ ಓದಿರುತ್ತಾರೆ. ನನಗೆ ಬೇಕಿದ್ದದ್ದು ಅದರ ಉಲ್ಟಾ: ಬೆದೆಯ ಹಾರ್ಮೋನುಗಳು ಮೆಲಟೋನಿನ್ ಮೇಲೆ ಏನು ಮಾಡುತ್ತವೆ? ಇಲಿಗಳಲ್ಲಿ ಇದಕ್ಕೆ ಉತ್ತರ ಇದೆ. ಈಸ್ಟ್ರೋಜನ್ ಏರಿ ಬೆದೆಗೆ ಬರುವ ರಾತ್ರಿ ಅವುಗಳ ಮೆಲಟೋನಿನ್ ಕಡಿಮೆ. ಕತ್ತಲಾದ ಸುದ್ದಿಯನ್ನು ಪೀನಿಯಲ್ ಗ್ರಂಥಿಗೆ ಮುಟ್ಟಿಸುವುದು ನರಗಳ ತುದಿಯಿಂದ ಬರುವ ರಾಸಾಯನಿಕ, ನಾರ್‌ಅಡ್ರಿನಾಲಿನ್. ಈಸ್ಟ್ರೋಜನ್ ಜಾಸ್ತಿ ಇದ್ದಾಗ ಗ್ರಂಥಿ ಆ ಕರೆಗೆ ಅಷ್ಟಾಗಿ ಓಗೊಡುವುದಿಲ್ಲ. ಹಸುವಿಗೂ ಹೀಗೇನಾ? ಇಲಿಯ ಬೆದೆ ಚಕ್ರ 4-5 ದಿನ, ಹಸುವಿನದು ಸುಮಾರು 21 ದಿನ. ಸುಮ್ನೆ ಒಂದರದ್ದನ್ನು ಇನ್ನೊಂದಕ್ಕೆ ಅಂಟಿಸಲು ಮನಸ್ಸಾಗಲಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಮನೆಯ ಮಲೆನಾಡು ಗಿಡ್ಡ ಹಸುಗಳನ್ನು ಆರಿಸಿಕೊಂಡೆ. ಕಷ್ಟ ಕೊಟ್ಟದ್ದು ಹಾರ್ಮೋನಲ್ಲ, ಬೆಳಕು. ರಾತ್ರಿ ಕಣ್ಣಿಗೆ ಟಾರ್ಚ್ ಬಿಟ್ಟರೆ ಮೆಲಟೋನಿನ್ ಬೇಗ ಇಳಿಯುತ್ತದೆ. ಆ ಕಡಿಮೆ ಅಂಕಿಯನ್ನು ಈಸ್ಟ್ರೋಜನ್ ಲೆಕ್ಕಕ್ಕೆ ಬರೆದುಬಿಟ್ಟರೆ ಕಥೆ ಮುಗೀತು! ಹಾಗಾಗಿ ಕುತ್ತಿಗೆಯ ರಕ್ತನಾಳಕ್ಕೆ ಹಗಲಲ್ಲೇ ಕ್ಯಾನುಲಾ, ಅಂದರೆ ರಕ್ತ ಎಳೆಯುವ ಸಣ್ಣ ಕೊಳವೆ, ಹಾಕಿಟ್ಟೆ. ಗಿಡ್ಡಗಳು ನೋಡಲು ಕುಳ್ಳು, ಒದೆಯುವುದರಲ್ಲಿ ಯಾರಿಗೂ ಕಮ್ಮಿಯಿಲ್ಲ. ರಾತ್ರಿ, ಕೆಂಪು ಜಿಲೇಟಿನ್ ಕಾಗದ ಸುತ್ತಿದ ಮಂದ ಟಾರ್ಚನ್ನು ನೆಲದ ಕಡೆ ಹಿಡಿದು ರಕ್ತ ಎಳೆದೆ. ಮೆಲಟೋನಿನ್ ಅಡಗಿಸುವುದರಲ್ಲಿ ನೀಲಿ ಬೆಳಕು ಜೋರು, ಮಂದ ಕೆಂಪು ಬೆಳಕಿನ ಕಾಟ ಕಡಿಮೆ.

"ಎಂತ ಡಾಕ್ಟ್ರೇ, ಲೈಟ್ ಹಾಕ್ಬಾರ್ದಾ?" ಅಂತ ಆ ಮನೆಯ ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅಂಗಳದ ಬಲ್ಬನ್ನೂ ಆರಿಸಿಸಿದ್ದೆ. ಚಿರತೆಯ ಭಯ ಇರುವ ಊರಲ್ಲಿ ಅದಕ್ಕೆ ಒಪ್ಪಿದ್ದು ದೊಡ್ಡ ಉಪಕಾರ.

ಬೆದೆಯನ್ನು ಬರೀ ಕಣ್ಣಳತೆಗೆ ಬಿಡಲಿಲ್ಲ. ಎಳೆದ ರಕ್ತದ ತಿಳಿಭಾಗವಾದ ಸೀರಮ್‌ನಲ್ಲಿ ಪ್ರೊಜೆಸ್ಟರಾನ್ ಹಾರ್ಮೋನನ್ನು ಕೂಡ ನೋಡಿದೆ. ಬೆದೆಯಲ್ಲಿ ಅದು ತಳ ಕಂಡಿರುತ್ತದೆ, ಚಕ್ರದ ನಡುವೆ ಏರಿರುತ್ತದೆ. ಇನ್ನು ಮೆಲಟೋನಿನ್ ಮಟ್ಟ ಒಂದೊಂದು ಹಸುವಿನಲ್ಲಿ ಒಂದೊಂದು ಥರ. ಬೆದೆಯ ಹಸುವನ್ನು ಪಕ್ಕದ ಹಸುವಿಗೆ ಹೋಲಿಸಿ ಏನೂ ಸಿಗುವುದಿಲ್ಲ. ಅದೇ ಹಸು, ರಾತ್ರಿಯ ಅದೇ ಹೊತ್ತು, ಚಕ್ರದ ಬೇರೆ ದಿನ, ಹೀಗೇ ನೋಡಬೇಕು. ರಾತ್ರಿಯ ಉದ್ದದ ತಲೆಬಿಸಿ ಮಾತ್ರ ನಮ್ಮಲ್ಲಿ ಕಡಿಮೆ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರದಲ್ಲಿ, ಅಲ್ವಾ? ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ಗಂಟೆಯಷ್ಟೂ ಅಂತರವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ, ಇಲಿಗಳಲ್ಲಿ ಕಂಡ ಇಳಿಕೆ ಈ ಹಸುಗಳಲ್ಲಿ ಹಾಗೆ ಎದ್ದು ಕಾಣಲಿಲ್ಲ. ಕೆಲವಕ್ಕೆ ಇತ್ತು, ಕೆಲವಕ್ಕೆ ಇಲ್ಲ. ಗಬ್ಬದ ಹಸುಗಳಲ್ಲಿ ಪ್ರೊಜೆಸ್ಟರಾನ್ ತಿಂಗಳುಗಟ್ಟಲೆ ಏರಿಯೇ ಇರುತ್ತದೆ. ಮುಂದಿನ ಸಲ ಅವುಗಳಿಂದ ಶುರು ಮಾಡುತ್ತೇನೆ.