ಬೋರಿವಲಿ ಕಾಡಿನಲ್ಲಿ ಸೈಕಲ್ ಹತ್ತಿ, ಮರಗಳ ಪರಿಚಯ ಮಾಡ್ಕೊಳ್ಳಿ

ಮುಂಬಯಿಗೆ ಬಂದು ಮನೆ, ಗ್ಯಾಸು, ಲೋಕಲ್ ಪಾಸು ಎಲ್ಲ ಒಂದು ಹದಕ್ಕೆ ಬಂತಾ? ಹಾಗಾದರೆ ಒಂದು ಭಾನುವಾರ ಬೆಳಿಗ್ಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಬೋರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಗೇಟು ನಡೆಯುವಷ್ಟೇ ದೂರ. ಸೈಕಲ್ ಒಳಗೇ ಬಾಡಿಗೆಗೆ ಸಿಗುತ್ತದೆ. ಬ್ರೇಕ್ ಮಾತ್ರ ಸರಿಯಾಗಿ ನೋಡಿ ತಗೊಳ್ಳಿ, ಉದ್ಯಾನದ ಒಳಗಿರುವ ಕಾನ್ಹೇರಿ ಬೌದ್ಧ ಗುಹೆಗಳ ದಾರಿ ಕೊನೆಗೆ ಏರು, ಅಂದರೆ ವಾಪಸ್ ಬರುವಾಗ ಮೊದಲಿಗೇ ಇಳಿಜಾರು. ಸೋಮವಾರ ರಜೆ.

ಜಾಸ್ತಿ ಜನ ಗುಹೆ ಮುಟ್ಟುವ ಅವಸರದಲ್ಲಿ ಇರುತ್ತಾರೆ. ನೀವು ನಿಧಾನ ಹೋಗಿ. ಅಲ್ಲಲ್ಲಿ ಮರಗಳಿಗೆ ಹೆಸರಿನ ಫಲಕ ಇದೆ, ಮರಾಠಿ ಹೆಸರು, ಜೊತೆಗೆ ಲ್ಯಾಟಿನ್ ಹೆಸರು. ಮರಾಠಿ ಗೊತ್ತಿಲ್ಲ ಅಂತ ಬಿಡಬೇಡಿ. ಆ ಲ್ಯಾಟಿನ್ ಹೆಸರನ್ನು ಫೋನಿನಲ್ಲಿ ಹುಡುಕಿದರೆ ನಮ್ಮೂರಿನ ಮರವೇ ಎದುರಿಗೆ ನಿಂತಿರುತ್ತದೆ: ಪಳಸ ನಮ್ಮ ಮುತ್ತುಗ, ಬಹಾವಾ ನಮ್ಮ ಕಕ್ಕೆ.

ಐನ ಅಂತ ಬರೆದಿದ್ದರೆ ಅಲ್ಲಿ ಸೈಕಲ್ ನಿಲ್ಲಿಸಲೇಬೇಕು. ಅದು ಮತ್ತಿ ಮರ. ತೊಗಟೆ ಮೊಸಳೆ ಚರ್ಮದ ಹಾಗೆ ಚೌಕ ಚೌಕವಾಗಿ ಬಿರಿದಿರುತ್ತದೆ, ಕೈಯಿಟ್ಟು ನೋಡಿ. ಕೆಳಗೆ ಬಿದ್ದ ಎಲೆ ಎತ್ತಿ ತಿರುಗಿಸಿ, ತೊಟ್ಟಿನ ಹತ್ತಿರ ನಡುನರದ ಮೇಲೆ ಸಣ್ಣ ಗಂಟು ಕಾಣುತ್ತದೆ. ಕಾಂಡದೊಳಗೆ ನೀರು ಕೂಡಿಟ್ಟುಕೊಳ್ಳುವ ಮರ ಇದು. ಬಂಡೀಪುರದಲ್ಲೂ ಇದೇ ಮರದ ಕಾಂಡ ಕೊಯ್ದು ನೀರು ಬರುವುದನ್ನು ನೋಡಿದವರಿದ್ದಾರೆ. ಇದರ ಬಳಗದ್ದೇ ಹೊಳೆಮತ್ತಿ, ಫಲಕದಲ್ಲಿ ಅರ್ಜುನ ಅಂತಿರುತ್ತದೆ. ಅದರ ತೊಗಟೆ ನುಣುಪು, ಬೂದು ಬಿಳಿ, ಪದರ ಪದರವಾಗಿ ಉದುರುತ್ತದೆ. ಎರಡನ್ನೂ ಒಂದೇ ದಿನ ನೋಡಿ, ಆಮೇಲೆ ಫಲಕ ಇಲ್ಲದ ಕಡೆಯೂ ಗುರುತು ಹಿಡೀತೀರಿ. ನನಗೆ ಬೇಕಾಗಿರೋದು ಇದೇ. ಹೆಸರು ಓದಿ ಮುಂದೆ ಹೋದರೆ ಏನು ಬಂತು, ಅಲ್ವಾ?

ಮಳೆಗಾಲದಲ್ಲಿ ಮರದ ಕೆಳಗೆಲ್ಲ ಕಾರ್ವಿ ಗಿಡ ತುಂಬಿರುತ್ತದೆ. 8 ವರ್ಷಕ್ಕೊಮ್ಮೆ ಹೂ. 2016ರಲ್ಲಿ ಆಯ್ತು, 2024ರಲ್ಲಿ ಆಯ್ತು, ಇನ್ನು 2032.

ಎಲೆ ಕೀಳಬೇಡಿ. ತಿಂಡಿ ಕೈಯಲ್ಲಿ ಹಿಡಿದು ಹೋಗಬೇಡಿ, ಕೋತಿಗಳು ಬಿಡಲ್ಲ. ಚಿರತೆ ಇರುವ ಕಾಡು, ಹಾಗಾಗಿ ರಸ್ತೆ ಬಿಟ್ಟು ಒಳಗೆ ಇಳಿಯಲೇಬೇಡಿ.

ಇನ್ನೊಂದು ಮಾತು. ನಿಮ್ಮ ಸೊಸೈಟಿಯಲ್ಲೂ ಮರಗಳಿಗೆ ಹೆಸರು ಹಾಕೋಣ ಅನ್ನಿಸಿದರೆ ದಯವಿಟ್ಟು ಮೊಳೆ ಹೊಡೀಬೇಡಿ. ಮರ ದಪ್ಪ ಆಗುತ್ತಾ ಮೊಳೆಯನ್ನು ಒಳಗೆ ನುಂಗುತ್ತದೆ, ಗಾಯದಿಂದ ರೋಗ ಹತ್ತಬಹುದು. ಬುಡದ ಪಕ್ಕ ಒಂದು ಗೂಟ ನೆಟ್ಟು ಅದಕ್ಕೆ ಫಲಕ ಹಾಕಿ.

ಸೆಂಟ್ರಲ್ ಲೈನಿನವರಿಗೆ ಬೋರಿವಲಿ ದೂರ ಆದರೆ ಭಾಯ್ಖಳಾದ ರಾಣಿ ಬಾಗ್ ಇದೆ, 1862ರಲ್ಲಿ ತೆರೆದ ಹಳೇ ತೋಟ. ಅಲ್ಲಿ ಸೈಕಲ್ ಇಲ್ಲ, ನಡೆದೇ ನೋಡಬೇಕು. ರಜೆ ಬುಧವಾರ.