ಮಂಗ್ಯಾನ ಪ್ರಶ್ನೆಗೆ ಎರಡು ಪೀರಿಯಡ್: ಜೀವವಿಕಾಸ ಕಲಿಸುವವರಿಗೆ

ಯಾದಗಿರಿ ಜಿಲ್ಲೆಯ ಹುಣಸಗಿ ಕಡೆ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಜೀವವಿಕಾಸದ ಮಾತು ಎತ್ತಿದ ದಿನ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: “ಮೇಡಂ, ಮಂಗ್ಯಾನಿಂದ ಮನಷ್ಯಾ ಆದ್ರ, ಈಗಿನ ಮಂಗ್ಯಾ ಯಾಕ ಆಗವಲ್ವು?” ಇದಕ್ಕೆ ಉತ್ತರ ಸುಲಭ. ಈಗಿನ ಯಾವ ಮಂಗದಿಂದಲೂ ನಾವು ಬಂದಿಲ್ಲ. ಚಿಂಪಾಂಜಿಗೂ ನಮಗೂ ಸುಮಾರು 60–70 ಲಕ್ಷ ವರ್ಷದ ಹಿಂದೆ ಒಬ್ಬನೇ ಮುತ್ಯಾ ಇದ್ದ, ಅಲ್ಲಿಂದ ದಾರಿ ಬೇರೆಯಾಯಿತು. ಐದು ನಿಮಿಷದ ಕೆಲಸ.

ಕಷ್ಟದ ಪ್ರಶ್ನೆ ಬರುವುದು ದೊಡ್ಡವರಿಂದ. ಶಾಲೆಗೆ ಬಂದಿದ್ದ ಒಬ್ಬ ಕಾಕಾ ನೇರವಾಗಿಯೇ ಕೇಳಿದರು: “ದೇವ್ರು ಮಾಡಿಲ್ಲ ಅಂದ್ರ ಹುಡುಗ್ರಿಗಿ ಅಂಜಿಕಿ ಎಲ್ಲಿ ಉಳೀತದ್ರೀ?” ಇದಕ್ಕೆ ಪೂರಾ ಉಲ್ಟಾ ಮಾತನ್ನೂ ಕೇಳಿದ್ದೇನೆ. ಕಲಬುರಗಿಯಲ್ಲಿ ತರಬೇತಿ ನಡೆದಾಗ ಊಟದ ಹೊತ್ತಿಗೆ ಒಬ್ಬ ಮೇಷ್ಟ್ರು, ಡಾರ್ವಿನ್ನನ್ನು ಸರಿಯಾಗಿ ಕಲಿಸಿದರೆ ಜಾತಿಯೂ ಕೋಮುಜಗಳವೂ ತಾನಾಗಿಯೇ ಹೋಗುತ್ತವೆ ಎಂದು ಹೇಳಿ ಕೈತೊಳೆಯಲು ಎದ್ದರು. ನನಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ಜೀವವಿಕಾಸ ಒಪ್ಪಿದ ಮಾತ್ರಕ್ಕೆ ಯಾರೂ ಒಳ್ಳೆಯವರಾಗುವುದಿಲ್ಲ, ಕೆಡುವುದೂ ಇಲ್ಲ. ಅದು ಒಂದು ಕೆಲಸವನ್ನು ಮಾತ್ರ ಚೆನ್ನಾಗಿ ಮಾಡುತ್ತದೆ. ಹುಟ್ಟಿನಿಂದಲೇ ನಾನು ಮೇಲು ಅನ್ನುವವನ ಕೆಳಗಿನ ಮಣೆ ಎಳೆಯುತ್ತದೆ. ಉಳಿದದ್ದು ನಾವೇ ಮಾಡಬೇಕು. ಮಕ್ಕಳು ಇದನ್ನು ತಾವೇ ಕಂಡುಕೊಳ್ಳುವ ಹಾಗೆ ಪಾಠ ನಡೆಸುವುದು ಹೇಗೆ ಅಂತ, ನಾನು ಮಾಡುವ ರೀತಿಯನ್ನು ಬರೆದಿದ್ದೇನೆ.

ಮೊದಲು ಬೋರ್ಡಿನ ನಡುವೆ ಒಂದು ಗೆರೆ

ಎಡಕ್ಕೆ “ಹೇಗೆ ಆಯ್ತು?” ಅಂತ ಬರೆಯಿರಿ. ಬಲಕ್ಕೆ “ಹೇಗೆ ಇರಬೇಕು?” ಅಂತ ಬರೆಯಿರಿ. ಹೆಸರು ಹಾಕದೆ ಚೀಟಿಯಲ್ಲಿ ಪ್ರಶ್ನೆ ಬರೆಯಲು ಮಕ್ಕಳಿಗೆ ಹೇಳಿ, ಒಂದೊಂದನ್ನೇ ಓದಿ ಯಾವ ಕಡೆ ಹಾಕಬೇಕು ಅಂತ ಅವರನ್ನೇ ಕೇಳಿ. ಮೈಮೇಲೆ ಕೂದಲು ಯಾಕೆ ಕಡಿಮೆಯಾಯ್ತು ಅನ್ನುವುದು ಎಡಕ್ಕೆ ಹೋಗುತ್ತದೆ. ಹಸಿವಾದಾಗ ಕದಿಯಬಹುದಾ ಅನ್ನುವುದು ಬಲಕ್ಕೆ. “ಜಾತಿ ಯಾರು ಮಾಡಿದ್ರು?” ಅನ್ನುವ ಚೀಟಿ ಬಂದಾಗ ಗಲಾಟೆ ಶುರುವಾಗುತ್ತದೆ. ಅದನ್ನು ಗೆರೆಯ ಮೇಲೆಯೇ ಅಂಟಿಸಿ, ಮುಂದೆ ಹೋಗಿ.

ದೇವರು ಗೆದ್ದನೋ ಡಾರ್ವಿನ್ ಗೆದ್ದನೋ ಅನ್ನುವ ಕುಸ್ತಿ ಮಾತ್ರ ಬೇಡ. ನನ್ನ ತರಗತಿಯಲ್ಲಿ ಲಿಂಗಾಯತರ, ಮುಸಲ್ಮಾನರ, ಬೇಡರ, ಮಾದಿಗರ, ಲಂಬಾಣಿಗರ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಸೃಷ್ಟಿಯ ಕಥೆ. ಬಾಯಿಂದ ಒಬ್ಬ, ಪಾದದಿಂದ ಒಬ್ಬ ಹುಟ್ಟಿದ ಅನ್ನುವ ಕಥೆಯಿದೆ. ಎಲ್ಲರೂ ಒಬ್ಬ ಆದಮನ ಮಕ್ಕಳು ಅನ್ನುವ ಕಥೆಯೂ ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಸೃಷ್ಟಿಯ ಕಥೆ ಕೆಟ್ಟದ್ದು ಅಂದರೆ ಮಕ್ಕಳಿಗೆ ಅನ್ಯಾಯ. ನಂಬಿಕೆಯೂ ಜೀವವಿಕಾಸವೂ ಒಂದೇ ತಲೆಯಲ್ಲಿ ಇರಬಾರದು ಅಂತಲೂ ಇಲ್ಲ. ಜೀವವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಏನೂ ಅರ್ಥವಾಗದು ಅಂತ 1973ರಲ್ಲಿ ಬರೆದ ಜೀವವಿಜ್ಞಾನಿ ಥಿಯೋಡೋಸಿಯಸ್ ಡೊಬ್‌ಝಾನ್ಸ್ಕಿ ದೇವರನ್ನು ನಂಬಿದ ಕ್ರೈಸ್ತ. ಜೀವವಿಕಾಸ ಬರೀ ಊಹೆಯಲ್ಲ ಅಂತ 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಹೇಳಿದರು. ಇಷ್ಟು ಹೇಳಿದರೆ ಅರ್ಧ ಮಕ್ಕಳ ಮುಖ ಸಡಿಲವಾಗುತ್ತದೆ.

ವರಾಂಡದಲ್ಲಿ 12 ಲಕ್ಷ ವರ್ಷ

ನಮ್ಮ ಕಡೆಯ ಮೇಷ್ಟ್ರುಗಳಿಗೆ ಒಂದು ಅದೃಷ್ಟವಿದೆ. ಇಸಾಂಪುರ ನಮ್ಮದೇ ಜಿಲ್ಲೆಯಲ್ಲಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ತಂಡ 1990ರ ದಶಕದ ಕೊನೆಯಲ್ಲಿ ಅಲ್ಲಿ ಅಗೆದಾಗ ಸುಣ್ಣಕಲ್ಲಿನ ಕೈಗೊಡಲಿಗಳೂ ಅವನ್ನು ಮಾಡುವಾಗ ಉದುರಿದ ಚಿಪ್ಪುಗಳೂ ರಾಶಿ ರಾಶಿ ಸಿಕ್ಕವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮೆಲ್ ಪರೀಕ್ಷಿಸಿ, ಆ ಜಾಗ ಸುಮಾರು 12 ಲಕ್ಷ ವರ್ಷ ಹಳೆಯದು ಎಂದು ಲೆಕ್ಕ ಹಾಕಿದರು. ಮಕ್ಕಳನ್ನು ಕರೆದೊಯ್ದರೆ ಒಂದು ಚೂರು ಕಲ್ಲನ್ನೂ ಜೇಬಿಗೆ ಹಾಕಲು ಬಿಡಬೇಡಿ.

ಕಲ್ಲು ಒಡೆಯುವುದನ್ನು ಶಾಲೆಯಲ್ಲೇ ಮಾಡಿಸಬಹುದು. ಮನೆ ಕಟ್ಟುವಲ್ಲಿ ಮುರಿದುಬಿದ್ದ ಶಹಾಬಾದಿ ಫರಸಿ ತನ್ನಿ. ಅದೂ ಸುಣ್ಣಕಲ್ಲೇ. ಹೊಡೆಯಲು ಕೃಷ್ಣಾ ಹೊಳೆಯ ಒಂದು ಗುಂಡುಕಲ್ಲು ಸಾಕು. ಕಣ್ಣಿಗೆ ವೆಲ್ಡಿಂಗ್ ಅಂಗಡಿಯ ಬಿಳಿ ಕನ್ನಡಕ, ತೊಡೆಯ ಮೇಲೆ ದಪ್ಪ ಗೋಣಿ, ಸುತ್ತ ಯಾರೂ ಹತ್ತಿರ ಇರಬಾರದು. ಫರಸಿಯ ನಡುವೆ ಹೊಡೆದರೆ ಅದು ಸುಮ್ನೆ ಎರಡು ತುಂಡಾಗುತ್ತದೆ. ಅಂಚಿಗೆ ಓರೆಯಾಗಿ ಹೊಡೆದಾಗ ಮಾತ್ರ ಚಿಪ್ಪು ಏಳುತ್ತದೆ, ಏಟು ಬಿದ್ದ ಜಾಗದಲ್ಲಿ ಸಣ್ಣ ಉಬ್ಬು ಕಾಣುತ್ತದೆ. ಆ ಓರೆ ಸಿಗುವಷ್ಟರಲ್ಲಿ ಕೈ ಸೋಲುತ್ತದೆ. ಹೊಲದಲ್ಲಿ ದುಡಿಯುವ ಹುಡುಗಿಯರಿಗೆ ಇದು ಬೇಗ ಕೈಹತ್ತುತ್ತದೆ, ಬುದ್ಧಿವಂತ ಅಂತ ಹೆಸರಾದ ಹುಡುಗರು ಬೆವರುತ್ತಾರೆ. ನನಗೆ ಅದೇ ಬೇಕು.

ಈಗ ವರಾಂಡದಲ್ಲಿ ಸುಣ್ಣದ ಕಡ್ಡಿಯಿಂದ 12 ಮೀಟರ್ ಗೆರೆ ಎಳೆಸಿ. ಒಂದು ಸೆಂಟಿಮೀಟರಿಗೆ 1000 ವರ್ಷ. ಆ ತುದಿ ಇಸಾಂಪುರ, ಈ ತುದಿ ಇವತ್ತು. ನಮ್ಮಂಥ ಮನುಷ್ಯರು ಆಫ್ರಿಕಾದಲ್ಲಿ ಕಾಣಿಸಿಕೊಂಡದ್ದು ಸುಮಾರು 3 ಲಕ್ಷ ವರ್ಷದ ಹಿಂದೆ. ಅಂದರೆ ಈ ತುದಿಯಿಂದ ಬರೀ 3 ಮೀಟರ್ ದೂರದಲ್ಲಿ. ಹಾಗಾದರೆ ಇಸಾಂಪುರದ ಕೊಡಲಿ ಮಾಡಿದವರು ನಾವಲ್ಲ, ನಮಗಿಂತ ಹಿಂದಿನ ಬೇರೆ ಮಾನವರು. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: “ಅವ್ರು ಯಾವ ಮಂದಿರೀ ಮೇಡಂ?” ನಮ್ಮೂರಲ್ಲಿ ‘ಯಾವ ಮಂದಿ’ ಅಂದರೆ ಏನು ಕೇಳಿದಂತೆ ಅಂತ ಎಲ್ಲರಿಗೂ ಗೊತ್ತು. ಕೇಳಿದವನೇ ನಕ್ಕುಬಿಡುತ್ತಾನೆ.

ಬೋರ್ಡಿನ ಗೆರೆ ಮೇಲೆ ಅಂಟಿಸಿದ್ದ ಜಾತಿಯ ಚೀಟಿಯನ್ನು ಆಗ ಕಿತ್ತು ವರಾಂಡಕ್ಕೆ ತನ್ನಿ. ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4200ರಿಂದ 1900 ವರ್ಷದ ಹಿಂದಿನವರೆಗೆ ಈ ದೇಶದ ಜನ ಜೋರಾಗಿಯೇ ಬೆರೆತಿದ್ದರು. ತಮ್ಮ ತಮ್ಮ ಗುಂಪಿನೊಳಗೇ ಮದುವೆ ಅನ್ನುವುದು ಬಿಗಿಯಾದದ್ದು ಆಮೇಲೆ. ನಮ್ಮ ಗೆರೆಯಲ್ಲಿ ಅದು ಕೊನೆಯ 2 ಸೆಂಟಿಮೀಟರ್. ಒಬ್ಬ ಹುಡುಗನ ಹೆಬ್ಬೆರಳಿನ ಅಗಲ. ಸೃಷ್ಟಿಯಾದಾಗಿನಿಂದ ಹೀಗೇ ಇದೆ ಅನ್ನುವವರಿಗೆ ಆ ಬೆರಳು ತೋರಿಸಿದರೆ ಸಾಕು, ಭಾಷಣ ಬೇಡ.

ಇಲ್ಲೊಂದು ಎಚ್ಚರಿಕೆ. ಇಬ್ಬರು ಮನುಷ್ಯರ ಡಿಎನ್‌ಎ ಸುಮಾರು ಶೇಕಡಾ 99.9ರಷ್ಟು ಒಂದೇ ಅಂತ ಹೇಳಿ, ಅದಕ್ಕೇ ನಾವೆಲ್ಲ ಸಮಾನ ಅಂತ ಮುಗಿಸಬೇಡಿ. ನಾಳೆ ಆ ಅಂಕಿ ಸ್ವಲ್ಪ ಕಡಿಮೆ ಬಂದರೆ ಒಬ್ಬನನ್ನು ಬಾವಿಯಿಂದ ದೂರ ಇಡಬಹುದಾ? ಸಮಾನತೆ ಬಲಗಡೆಯ ಪ್ರಶ್ನೆ. ಪ್ರಯೋಗಶಾಲೆಯಿಂದ ಅದಕ್ಕೆ ಅಪ್ಪಣೆ ಬೇಕಾಗಿಲ್ಲ.

ಹತ್ತಿ ಹೊಲದ ಲೆಕ್ಕ

ಜೀವವಿಕಾಸ ತಿಳಿದರೆ ನಡತೆ ಬದಲಾಗುತ್ತದಾ? ಪರೀಕ್ಷೆ ಮಾಡಲು ನಮ್ಮ ಹೊಲಗಳೇ ಇವೆ. ಕಾಯಿಕೊರಕ ಹುಳಕ್ಕೆ ವಿಷವಾಗುವುದನ್ನು ಗಿಡವೇ ತಯಾರಿಸುವ ಬಿಟಿ ಹತ್ತಿ ದೇಶಕ್ಕೆ ಬಂದದ್ದು 2002ರಲ್ಲಿ. ಗುಲಾಬಿ ಕಾಯಿಕೊರಕ ಅದಕ್ಕೆ ಒಗ್ಗಿಕೊಂಡ ಸುದ್ದಿ ಗುಜರಾತಿನಿಂದ 2010ರಲ್ಲಿ ಬಂತು. ಹುಳ ಹೀಗೆ ಒಗ್ಗೀತು ಅಂತ ಮೊದಲೇ ಗೊತ್ತಿತ್ತು. ಅದಕ್ಕೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಸಣ್ಣ ಪಾಕೀಟು ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಲು. ಸಾದಾ ಗಿಡದಲ್ಲಿ ಬೆಳೆದ ದುರ್ಬಲ ಪತಂಗಗಳು, ವಿಷ ತಿಂದೂ ಬದುಕಿದ ಒಂದೆರಡರ ಜೊತೆ ಕೂಡಿದರೆ, ಮರಿಗಳಲ್ಲಿ ಹೆಚ್ಚಿನವು ಬಿಟಿ ತಿಂದು ಸಾಯುತ್ತವೆ. ಸುತ್ತ ಸಾದಾ ಗಿಡವೇ ಇಲ್ಲದಿದ್ದರೆ ಬದುಕಿದವು ತಮ್ಮತಮ್ಮಲ್ಲೇ ಕೂಡಿ ಗಟ್ಟಿ ಸಂತಾನ ಹಬ್ಬಿಸುತ್ತವೆ.

ಆ ಸಣ್ಣ ಪಾಕೀಟನ್ನು ಏನು ಮಾಡಿದ್ರಿ ಅಂತ ಮನೆಯಲ್ಲಿ ಕೇಳಿಬರಲು ಮಕ್ಕಳಿಗೆ ಹೇಳಿ. ಹೆಚ್ಚಿನವರು ಎಸೆದೆವು ಅನ್ನುತ್ತಾರೆ. ಒಬ್ಬಳ ಅಪ್ಪನ ಉತ್ತರ ನನಗೆ ಬಹಳ ಇಷ್ಟವಾಯ್ತು: “ಗೊತ್ತದವ್ವಾ. ನಾ ಒಬ್ಬ ಹಾಕಿದ್ರ ಏನಾಗ್ತದ, ಬಾಜೂ ಹೊಲದಾಂವ ಹಾಕಂಗಿಲ್ಲ.” ಆತನಿಗೆ ವಿಜ್ಞಾನ ಗೊತ್ತಿತ್ತು. ಕೊರತೆ ಇದ್ದದ್ದು ನೆರೆಯವನ ಮೇಲಿನ ನಂಬಿಕೆಯದು. ಕೊನೆಗೆ ಈಚೆಗೆ ಸಾದಾ ಬೀಜವನ್ನು ಪಾಕೀಟಿನೊಳಗೇ ಬೆರೆಸಿ ಕೊಡುವ ಪದ್ಧತಿ ಬಂತು. ತಿಳಿವಳಿಕೆ ದಾರಿ ತೋರಿಸುತ್ತದೆ, ಆದರೆ ಊರು ಒಟ್ಟಾಗಿ ನಡೆಯುವುದು ಬೇರೆಯೇ ಕೆಲಸ. ಕಾಕಾನ ಪ್ರಶ್ನೆಗೂ ಮೇಷ್ಟ್ರ ಮಾತಿಗೂ ಒಟ್ಟಿಗೆ ಉತ್ತರ ಇಲ್ಲೇ ಇದೆ. ಈ ಚರ್ಚೆಗೆ ಪೂರ್ತಿ ಅರ್ಧ ಪೀರಿಯಡ್ ಬಿಡಿ.

ಮುಚ್ಚಿಡಬಾರದ ಭಾಗ

ಡಾರ್ವಿನ್ನನ ಹೆಸರು ಹೇಳಿಕೊಂಡು ನಡೆದ ಕೆಟ್ಟದ್ದನ್ನೂ ಹೇಳಿ. ಅವನ ಸಂಬಂಧಿಕ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಒಳ್ಳೆಯ ತಳಿಯ ಮನುಷ್ಯರನ್ನು ಬೆಳೆಸುವ ಯೋಚನೆಗೆ ಯುಜೆನಿಕ್ಸ್ ಅಂತ ಹೆಸರಿಟ್ಟ. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕ್ಯಾರಿ ಬಕ್ ಎಂಬ ಬಡ ಹುಡುಗಿಗೆ ಬಲವಂತವಾಗಿ ಮಕ್ಕಳಾಗದ ಆಪರೇಷನ್ ಮಾಡಿಸಲು ಒಪ್ಪಿತು. 1933ರಲ್ಲಿ ಜರ್ಮನಿಯ ನಾಜಿಗಳು ಅಂಥದ್ದೇ ಕಾನೂನು ತಂದರು. ಇದರ ಹಿಂದಿದ್ದವರಲ್ಲಿ ಹಲವರು ಜೀವವಿಕಾಸ ಒಪ್ಪಿದವರೇ. ಇನ್ನೊಂದು ಕಡೆ, ಡಾರ್ವಿನ್ ಹುಟ್ಟುವುದಕ್ಕೆ 600 ವರ್ಷ ಮೊದಲೇ ಬೀದರಿನ ಕಲ್ಯಾಣದಲ್ಲಿ ಶರಣರು ಹುಟ್ಟಿನ ಮೇಲುಕೀಳನ್ನು ತಳ್ಳಿಹಾಕಿದರು. ಅವರು ಶಿವನನ್ನು ನಂಬಿದವರು. ಎರಡನ್ನೂ ಅಕ್ಕಪಕ್ಕ ಬರೆದು ಸುಮ್ಮನೆ ನಿಲ್ಲಿ, ಮಕ್ಕಳೇ ಮಾತಾಡಲಿ.

ಯಾರಾದರೂ “ಹಂಗಾದ್ರ ನಿಸರ್ಗ ನೋಡಿ ಕಲಿಯೋಣ” ಅಂದರೆ ಧಾರವಾಡದ ಮುಸಿಯಗಳ ಕಥೆ ಹೇಳಿ. 1960ರ ದಶಕದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಅಲ್ಲಿನ ಕಾಡಿನಲ್ಲಿ, ಗುಂಪನ್ನು ಗೆದ್ದ ಹೊಸ ಗಂಡು ಮುಸಿಯ ಹಳೆಯದರ ಮರಿಗಳನ್ನು ಕೊಲ್ಲುವುದನ್ನು ದಾಖಲಿಸಿದರು. ರಕ್ತ ಹೀರುವ ಬಾವಲಿಗಳೋ, ಹಸಿದ ಜೊತೆಗಾರನಿಗೆ ತಾವು ಕುಡಿದು ಬಂದದ್ದನ್ನೇ ಕಕ್ಕಿ ಕೊಡುತ್ತವೆ. ಎರಡೂ ನಿಸರ್ಗವೇ. ಯಾವುದನ್ನು ಕಲಿಯಬೇಕು ಅಂತ ನಿಸರ್ಗ ಹೇಳುವುದಿಲ್ಲ.

ಪಾಲಕರು ಬಂದರೆ

ಕುರ್ಚಿ ಕೊಡಿ, ಚಹಾ ತರಿಸಿ. ನಿಮ್ಮ ದೇವರು ಸುಳ್ಳು ಅಂತ ನಾನು ಹೇಳಿಲ್ಲ ಅಂತ ವಾದ ಶುರುಮಾಡುವ ಬದಲು, ಮಗುವಿನ ನೋಟುಪುಸ್ತಕ ತೆರೆದು ಬೋರ್ಡಿನ ಆ ಎರಡು ಪಟ್ಟಿ ತೋರಿಸಿ. ಬಲಗಡೆ ಮಗು ಬರೆದದ್ದನ್ನು ಅವರಿಂದಲೇ ಓದಿಸಿ. ಹೆಚ್ಚಿನವರು ಅಲ್ಲಿಗೆ ತಣ್ಣಗಾಗುತ್ತಾರೆ. ಜೋರು ಮಾಡಿದರೆ ಸಂವಿಧಾನದ 51ಎ(ಎಚ್) ವಿಧಿ ಹೇಳಿ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು 1976ರ ತಿದ್ದುಪಡಿಯಿಂದ ಪ್ರತಿ ನಾಗರಿಕನ ಕರ್ತವ್ಯ. ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಅಂತಲೂ ಕೇಳುತ್ತಾರೆ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗ ತೆಗೆದಾಗ, 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬೇಡ ಅಂದಿದ್ದರು. ನಾನು ಅನುವಂಶೀಯತೆಯ ಪಾಠದ ಬಾಲಕ್ಕೆ ಎರಡು ಪೀರಿಯಡ್ ಕಟ್ಟಿಕೊಂಡಿದ್ದೇನೆ. ಯಾರೂ ಏನೂ ಅಂದಿಲ್ಲ.

ಪಾಠ ನಡತೆಗೆ ತಾಕಿತಾ ಅಂತ ನೋಡಲು ಟೆಸ್ಟ್ ಇಡಬೇಡಿ, ಬಿಸಿಯೂಟದ ಸಾಲು ನೋಡಿ. ನಮ್ಮಲ್ಲಿ ವರಾಂಡದ ಗೆರೆ ಎಳೆದ ಮರುದಿನವೂ ಮಕ್ಕಳು ತಮ್ಮ ತಮ್ಮ ಓಣಿಯವರ ಜೊತೆಗೇ ಕೂತರು. ಹಾಜರಿ ನಂಬರಿನ ಪ್ರಕಾರ ಕೂರಿಸಿ, ಬಡಿಸುವ ಪಾಳಿಯನ್ನೂ ನಂಬರಿನ ಪ್ರಕಾರವೇ ಹಚ್ಚಿದ ಮೇಲೆ ಸಾಲು ಬೆರೆಯಿತು. ಮೊದಲ ವಾರ ಗೊಣಗಾಟ ಇತ್ತು. ಆಗ ಒಬ್ಬ ಹುಡುಗ ಇನ್ನೊಬ್ಬನಿಗೆ “ಎರಡು ಸೆಂಟಿಮೀಟರ್ ಸರೀಲೇ” ಅಂದದ್ದು ಕಿವಿಗೆ ಬಿತ್ತು. ಪಾಠ ಅಷ್ಟು ಕೆಲಸಕ್ಕೆ ಬಂತು ಅಂತ ನಾನು ಒಪ್ಪುತ್ತೇನೆ.

ಕೊನೆಗೆ ತಿಂಗಳಿನ ವಿಚಾರ. ಇದನ್ನೆಲ್ಲ ಆಗಸ್ಟಿನೊಳಗೆ ಮುಗಿಸಿ. ಹತ್ತಿ ಬಿಡಿಸುವ ಹಂಗಾಮು ಶುರುವಾದರೆ ಅರ್ಧ ಬೆಂಚು ಖಾಲಿ ಇರುತ್ತದೆ. ಈ ಪಾಠ ಯಾರಿಗೆ ಜಾಸ್ತಿ ಬೇಕೋ ಅವರೇ ಹೊಲದಲ್ಲಿರುತ್ತಾರೆ.