ಎರಡು ಫಿಲ್ಟರ್ ಹಾಕಿ ಎಕೋ ಅಡಗಿಸಿದ್ದು: ನನ್ನ ಅನುಭವ

ಫೋನಿನಲ್ಲಿ ಆಡಿದ ಮಾತೇ ಮರಳಿ ಕೇಳುವ ಎಕೋ ಅಳಿಸಲು ಒಂದೇ ಚಾನೆಲ್‌ಗೆ (ಒಂದು ಕರೆಗೆ) ಎಕೋವನ್ನು ಅಂದಾಜಿಸಿ ಕಳೆಯುವ ಎರಡು ಫಿಲ್ಟರ್ ಓಡಿಸುತ್ತೇನೆ ಎಂದಾಗ ಎಲ್ಲರೂ ಕೇಳಿದ್ದು, ‘ಪ್ರೊಸೆಸರ್ ತಡೆಯುತ್ತಾ?’ ತಡೆಯಿತು. ಸೆಕೆಂಡಿಗೆ 8,000 ಸ್ಯಾಂಪಲ್ (8 ಕಿಲೋಹರ್ಟ್ಸ್), ಎಕೋದ ಬಾಲ 64 ಮಿಲಿಸೆಕೆಂಡ್, ಅಂದರೆ ಫಿಲ್ಟರ್‌ಗೆ 512 ಟ್ಯಾಪ್, ಒಂದೊಂದಕ್ಕೂ ಒಂದು ಕೋಎಫಿಷಿಯೆಂಟ್ (ಗುಣಕ). ಫಿಲ್ಟರ್ ತನ್ನನ್ನು ತಾನೇ ತಿದ್ದಿಕೊಂಡು ಕಲಿಯುವ ಎನ್‌ಎಲ್‌ಎಂಎಸ್ ವಿಧಾನಕ್ಕೆ ಸ್ಯಾಂಪಲ್ ಒಂದಕ್ಕೆ 1,024 ಗುಣಾಕಾರ, ಎರಡನೇ ಫಿಲ್ಟರ್‌ಗೆ ಇನ್ನೊಂದು 512. ಸೆಕೆಂಡಿಗೆ ಸುಮಾರು 1.23 ಕೋಟಿ. 100 ಮಿಪ್ಸ್‌ನ (ಸೆಕೆಂಡಿಗೆ 10 ಕೋಟಿ ಆದೇಶ ನಡೆಸುವ) 16 ಬಿಟ್ ಫಿಕ್ಸೆಡ್ ಪಾಯಿಂಟ್ ಚಿಪ್ಪಿನಲ್ಲಿ, ಮಾತನ್ನು ಕುಗ್ಗಿಸುವ ಕೋಡೆಕ್ ಜಿ.729ಎ ಜೊತೆಗೇ ಎರಡು ಚಾನೆಲ್ ಕೂತವು.

ಮೊದಲು ಹಾಕಿದ್ದು ಗೈಗೆಲ್ ಡಿಟೆಕ್ಟರ್, ಮಿತಿ 0.5: ಈಚೆಯ ಸದ್ದು ಆಚೆಯವರ ಇತ್ತೀಚಿನ ಗರಿಷ್ಠ ಸದ್ದಿನ ಇಷ್ಟು ಪಾಲು ದಾಟಿದರೆ ಡಬಲ್ ಟಾಕ್ (ಇಬ್ಬರೂ ಒಟ್ಟಿಗೆ ಮಾತು) ಎಂದು ಕಲಿಕೆ ನಿಲ್ಲಿಸುತ್ತದೆ. ಹೈಬ್ರಿಡ್ (ಎರಡು ತಂತಿಯ ಲೈನನ್ನು ನಾಲ್ಕು ತಂತಿಗೆ ಕೂಡಿಸುವ, ಎಕೋ ಹುಟ್ಟಿಸುವ ಸರ್ಕ್ಯೂಟ್) 6 ಡಿಬಿ ನಷ್ಟ ಕೊಟ್ಟರೆ ಅದಕ್ಕೆ ಸರಿ. 4 ಡಿಬಿ ಮಾತ್ರ ಕೊಡುವ ಲೈನಿನಲ್ಲಿ ಬರಿಯ ಎಕೋವನ್ನೇ ಡಬಲ್ ಟಾಕ್ ಎಂದುಕೊಂಡು ಫಿಲ್ಟರ್ ಕಲಿಯುವುದನ್ನೇ ನಿಲ್ಲಿಸಿತು. ಮಿತಿ ಏರಿಸಿದರೆ ಈಚೆಯವರು ಬಾಯಿ ತೆರೆದ ಕೂಡಲೇ ಕೋಎಫಿಷಿಯೆಂಟ್‌ಗಳು ದಿಕ್ಕಾಪಾಲು. ಆಮೇಲೆ ಡಿಟೆಕ್ಟರ್ ಕಿತ್ತುಹಾಕಿದೆ. ಹಿಂದಿನ ಫಿಲ್ಟರ್ ಸದಾ ಕಲಿಯುತ್ತಿರುತ್ತದೆ, ಮುಂದಿನದು ಬರೀ ಎಕೋ ಕಳೆಯುತ್ತದೆ. ಹಿಂದಿನದರ ಉಳಿಕೆ (ಕಳೆದ ಮೇಲೂ ಉಳಿಯುವುದು) ಕೆಲವು ಬ್ಲಾಕ್ (ಸ್ಯಾಂಪಲ್‌ಗಳ ಗುಂಪು) ಬಿಡದೆ ಮುಂದಿನದಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದರ ಕೋಎಫಿಷಿಯೆಂಟ್‌ಗಳು ಮುಂದಿನದಕ್ಕೆ ನಕಲು. ಎಷ್ಟು ಬ್ಲಾಕ್, ಎಷ್ಟು ಡಿಬಿ ಕಡಿಮೆ ಎನ್ನುವುದನ್ನು ಹೇಳುವುದಿಲ್ಲ. ರಾತ್ರಿಗಟ್ಟಲೆ ಹೋಗಿದ್ದೇ ಅದಕ್ಕೆ.

ಇಷ್ಟಾದರೂ ಇಆರ್‌ಎಲ್‌ಇ (ಫಿಲ್ಟರ್ ಎಕೋವನ್ನು ಎಷ್ಟು ತಗ್ಗಿಸಿತು ಎಂಬ ಅಳತೆ) 20 ಡಿಬಿ ಆಸುಪಾಸಲ್ಲೇ ನಿಂತಿತ್ತು. ದೋಷ ಅಲ್ಗಾರಿದಮ್‌ನದಲ್ಲ. ಉಳಿಕೆ ಸಣ್ಣದಾದಂತೆ ತಿದ್ದುಪಡಿಯೂ 16 ಬಿಟ್‌ನ ಕೊನೆಯ ಬಿಟ್‌ಗಿಂತ ಸಣ್ಣದಾಗಿ ಸೊನ್ನೆಗೆ ದುಂಡಾಗುತ್ತಿತ್ತು. ಕೋಎಫಿಷಿಯೆಂಟ್‌ಗಳನ್ನು 32 ಬಿಟ್‌ನಲ್ಲಿಟ್ಟು, ಗುಣಿಸಲು ಮೇಲಿನ 16 ಬಿಟ್ ಮಾತ್ರ ಬಳಸಿದೆ. 30 ದಾಟಿತು. ಎ-ಲಾ ಲೈನಿನಲ್ಲಿ (ಸ್ಯಾಂಪಲ್ ಅನ್ನು 8 ಬಿಟ್‌ಗೆ ಹಿಸುಕುವ ಫೋನ್ ಪದ್ಧತಿ) ಅದಕ್ಕಿಂತ ಬಹಳ ಮೇಲೆ ಆಸೆಪಡಬೇಡಿ, ಆ ಹಿಸುಕಿ ಹಿಗ್ಗಿಸುವ ಕಂಪ್ಯಾಂಡಿಂಗ್ ಬಿಡುವುದಿಲ್ಲ. ಚಾನೆಲ್‌ಗೆ ಸುಮಾರು 2,000 ವರ್ಡ್ ಮೆಮೊರಿ, ಚಿಪ್ಪಿನೊಳಗೇ ಹಿಡಿಯಿತು. ಹೊರಗೆ ರ್‍ಯಾಮ್ ಹಾಕಿದ್ದರೆ ಬೋರ್ಡಿನ ಖರ್ಚು ಶೇ. 15ರಷ್ಟಾದರೂ ಏರುತ್ತಿತ್ತು. ಸಿದ್ಧ ಲೈಬ್ರರಿ ಕೊಂಡಿದ್ದರೆ ಚಾನೆಲ್‌ಗಿಷ್ಟು ಅಂತ ರಾಯಲ್ಟಿ, ಮಾರಿದಷ್ಟೂ ಕಟ್ಟುತ್ತಿರಬೇಕು.

ನಡುವೆ ಒಂದು ಹುಚ್ಚಾಟ: ಕ್ಯಾನ್ಸಲರ್ ಅನ್ನು ಜಿ.729 ದಾಟಿದ ಮೇಲೆ, ದೂರದ ತುದಿಯಲ್ಲಿಟ್ಟು ನೋಡಿದೆ. 10 ಡಿಬಿ ಕೂಡ ಸಿಗಲಿಲ್ಲ. ಕೋಡೆಕ್ ಅಲೆಯ ಆಕಾರವನ್ನು ಇದ್ದಂತೆ ಉಳಿಸುವುದಿಲ್ಲ, ಲೀನಿಯರ್ ಫಿಲ್ಟರ್ ಹಿಡಿಯುವುದಾದರೂ ಏನನ್ನು? ಪಿಸಿಯಲ್ಲಿ ಸ್ಪೀಕರ್ ಒಂದು ಸೌಂಡ್ ಕಾರ್ಡಿಗೆ, ಮೈಕ್ ಇನ್ನೊಂದಕ್ಕೆ ಹಾಕಿದ್ದೂ ದಂಡ. ಗಡಿಯಾರದ ಎರಡು ಕ್ರಿಸ್ಟಲ್‌ಗಳ ನಡುವೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ವ್ಯತ್ಯಾಸವಿದ್ದರೆ ನಿಮಿಷಕ್ಕೆ 24 ಸ್ಯಾಂಪಲ್ ಜಾರುತ್ತದೆ. ಲಾಭವಾದದ್ದು ಒಂದೇ: ಬಿಳಿ ಗದ್ದಲದಲ್ಲಿ (ಎಲ್ಲ ಆವರ್ತನಗಳೂ ಸಮವಾಗಿರುವ ಸದ್ದು) ಚುರುಕಾಗಿ ಕಲಿಯುತ್ತಿದ್ದ ಫಿಲ್ಟರ್ ಮಾತಿಗೆ ತೆವಳುತ್ತಿತ್ತು. ಕಲಿಕೆಯ ದಾರಿಯಲ್ಲಿ ಎರಡೂ ಸಿಗ್ನಲ್‌ಗಳ ಪ್ರತಿ ಸ್ಯಾಂಪಲ್‌ನಿಂದ ಅದರ ಹಿಂದಿನದರ 0.9 ಪಾಲು ಕಳೆದೆ, ಕಲಿಯುವ ಸಮಯ ಸುಮಾರು ಅರ್ಧಕ್ಕಿಳಿಯಿತು.

ಉಳಿದ ಚೂರು ಎಕೋಗೆ ಕ್ಲಿಪ್ಪರ್ (ಸಣ್ಣ ಸದ್ದನ್ನು ಪೂರ್ತಿ ಕತ್ತರಿಸುವುದು). ಬರೀ ಕತ್ತರಿಸಿದರೆ ಲೈನ್ ಸತ್ತಂತಾಗಿ ಆಚೆಯವರು ‘ಹಲೋ, ಹಲೋ’ ಎನ್ನುತ್ತಾರೆ. ಹಿನ್ನೆಲೆಯ ಮಟ್ಟದ್ದೇ ಗದ್ದಲ ತುಂಬಿ. ಜಾಸ್ತಿ ತುಂಬಿದರೆ ವಿಎಡಿ (ಮಾತಿದೆಯೇ ಇಲ್ಲವೇ ಎಂದು ಗುರುತಿಸುವ ಭಾಗ) ಅದನ್ನೇ ಮಾತೆಂದುಕೊಂಡು 10 ಮಿಲಿಸೆಕೆಂಡಿಗೊಂದು 10 ಬೈಟ್ ಫ್ರೇಮ್ ಕಳಿಸುತ್ತಲೇ ಇರುತ್ತದೆ.